ಹಸಿದ ಕೌದಿ

ತಮ್ಮನ್ನ ಯಾಕೆ ಹಂಗೆ ದೂಡ್ತೀಯೇ, ಸುಮ್ನೆ ಮಲ್ಕೊಂಡು ಕೇಳು.

ಒಂದಾನೊಂದು ಕಾಲದಲ್ಲಿ, ಗುಬ್ಬಿಗಳು ಮನೆಯೊಳಗೇ ಗೂಡು ಕಟ್ತಿದ್ದ ಕಾಲ ಅನ್ಕೋ, ಒಬ್ಬ ಅವ್ವನಿಗೆ ಮೂರು ಜನ ಹೆಣ್ಣುಮಕ್ಕಳು ಇದ್ರಂತೆ. ದೊಡ್ಡೋಳು ಕೆಂಚವ್ವ, ನಡುವಿನೋಳು ದುರುಗವ್ವ, ಕಿರಿಯೋಳು ತಿಮ್ಮವ್ವ. ಆ ಅವ್ವ ಬೀಸೋಕಲ್ಲಿನ ಮುಂದೆ ಕೂತ್ರೆ ಕಂಡಿದ್ದಕ್ಕೆಲ್ಲ ಒಂದೊಂದು ಪದ ಕಟ್ಟಿ ಹಾಡ್ತಿದ್ಲಂತೆ. ಹೊಸ್ತಿಲ ಗುಬ್ಬಿಗೊಂದು, ತುಂಬೆ ಹೂವಿಗೊಂದು, ಸತ್ತ ಕರುವಿಗೊಂದು. ಎದುರಿಗೆ ಕೂತು ಗೂಟ ಹಿಡಿದು ಬೀಸ್ತಿದ್ದೋಳು ಕೆಂಚವ್ವ, ತೊಡೆ ಮೇಲೆ ಮಲಗ್ತಿದ್ದೋಳು ತಿಮ್ಮವ್ವ. ನಡುವಿನೋಳಾ? ನಿನ್ಹಂಗೇ, ಬಿಸಿಲೇರೋವರೆಗೂ ಗೊರಕೆ.

ಆಮೇಲೆ ಒಂದು ದಿನ ಅವ್ವ ತೀರ್ಕೊಂಡ್ಲಂತೆ. ಅವತ್ತಿಂದ ಕೆಂಚವ್ವನ ಬಾಯಲ್ಲಿ ಒಂದು ಪದಾನೂ ಬರಲಿಲ್ವಂತೆ. ತಿಮ್ಮವ್ವ ಅವ್ವನ ಹಳೇ ಸೀರೆಗಳನ್ನ ಕತ್ತರಿಸಿ, ಒಂದು ಪದಕ್ಕೆ ಒಂದು ತುಂಡು ಅಂತ ಕೌದಿ ಹೊಲಿಯೋಕೆ ಕೂತ್ಲಂತೆ. ಊರ ಹೆಂಗಸ್ರು ಬಂದು ಯಾವ ತುಂಡು ಮುಟ್ಟಿದ್ರೆ ತಿಮ್ಮವ್ವ ಆ ಪದದ ಸಾಲು ಹಾಡೋಳು. ಅವರು ಸೆರಗಲ್ಲಿ ಕಣ್ಣೊರೆಸ್ಕೊಂಡು, ನಿಮ್ಮವ್ವ ಎಲ್ಲೂ ಹೋಗಿಲ್ಲ ಕಣವ್ವ, ನಿನ್ನೊಳಗೇ ಅವಳೆ ಅನ್ನೋರಂತೆ.

ಅದನ್ನ ಕೇಳಿದ್ರೆ ಕೆಂಚವ್ವನಿಗೆ ಮೈಯೆಲ್ಲ ಉರಿಯೋದಂತೆ. ಕಲ್ಲು ತಿರುವಿ ರಟ್ಟೆ ಸವೆಸಿದೋಳು ನಾನು, ಪದ ಮಾತ್ರ ತೊಡೆ ಮೇಲೆ ಮಲಗಿದೋಳಿಗಾ, ಅವ್ವ ಎಲ್ಲಾನೂ ಗುಟ್ಟಾಗಿ ಅವಳಿಗೇ ಕೊಟ್ಟು ಹೋಗವಳೆ ಅನ್ಕೊಂಡ್ಲಂತೆ. ಹೊಟ್ಟೆಕಿಚ್ಚು ಇದ್ದೋರಿಗೆ ಪಾಯಸಾನೂ ಕಹಿ ಕಣೇ. ನನಗೂ ಇತ್ತು, ನಮ್ಮಕ್ಕನ ಮೇಲೆ, ಅದಕ್ಕೇ ಗೊತ್ತು.

ಮೊದಲನೇ ದಿನ ಕೆಂಚವ್ವ ಕೌದಿಯಿಂದ ಗುಬ್ಬಿ ಪದದ ತುಂಡು ಕದ್ದು ಬಿಚ್ಚಿ ಕುಪ್ಪಸದಲ್ಲಿ ಸಿಕ್ಕಿಸ್ಕೊಂಡು ಕಲ್ಲಿನ ಮುಂದೆ ಕೂತ್ಲಂತೆ. ಹಿಟ್ಟು ಬಂತು, ಪದ ಬರಲಿಲ್ಲ. ಎರಡನೇ ದಿನ ತುಂಬೆ ಹೂವಿನ ತುಂಡು, ಅವತ್ತೂ ಬರೀ ಹಿಟ್ಟು. ತಂಗಿ ಪಾಪ, ಇಲಿ ಕಚ್ಚಿರಬೇಕು ಅಂತ ಬೇರೆ ತುಂಡು ಹಾಕಿ ಹೊಲಿದ್ಲಂತೆ. ಮೂರನೇ ದಿನ, ನನಗಿಲ್ಲದ್ದು ಅವಳಿಗೂ ಬೇಡ ಅಂತ ಇಡೀ ಕೌದಿ ಕಂಕುಳಲ್ಲಿ ಇಟ್ಕೊಂಡು ಹಳ್ಳಕ್ಕೆ ಹೋದ್ಲಂತೆ.

ನೀರಿಗೆ ಬಿಡೋಕೆ ಬಿಚ್ಚಿದ್ರೆ ಒಂದು ಮೂಲೆ ಬಾಯಿ ತೆರ್ಕೊಂಡೇ ಐತೆ. ಕೌದಿ ಮುಗಿಸೋವಾಗ ಕೊನೇ ಮೂಲೇಲಿ ಚೂರು ರೊಟ್ಟಿ ಇಟ್ಟು ಹೊಲೀಬೇಕು, ಕೌದಿ ಹಸಿದಿದ್ರೆ ಹೊದ್ದೋರೂ ಹಸೀತಾರೆ ಅಂತ ಶಾಸ್ತ್ರ. ಇದರ ಹೊಟ್ಟೇನೇ ತುಂಬಿಸಿಲ್ಲ. ಕೆಂಚವ್ವ ಎಷ್ಟೇ ಉರಿದುಕೊಂಡ್ರೂ ಹಸಿದಿದ್ದನ್ನ ನೀರಿಗೆ ಹಾಕೋ ಹೆಂಗಸಲ್ಲ. ದಾಪುಗಾಲು ಹಾಕ್ಕೊಂಡು ಮನೆಗೆ ಬಂದು, ಅವ್ವನ ಸೀರೆ ಉಪವಾಸ ಕೆಡವಿದೀಯಲ್ಲೇ, ನಾಚಿಕೆ ಆಗಲ್ವಾ ಅಂತ ಬೈದ್ಲಂತೆ.

ಆಗ ತಿಮ್ಮವ್ವ ಅಂದ್ಲಂತೆ, ಆ ಮೂಲೆ ನಿನಗೇ ಅಂತ ಬಿಟ್ಟಿದ್ದು ಕಣಕ್ಕಾ. ಅವ್ವ ಮೊದಲನೇ ಸಾಲು ಹೇಳಿದ್ರೆ ಎದುರಿಗೆ ಕೂತ ನೀನು ಎರಡನೇದು ಹೇಳ್ತಿದ್ದೆ. ಅಷ್ಟರಲ್ಲಿ ನನಗೆ ನಿದ್ದೆ ಹತ್ತೋದು. ನನ್ನ ಹತ್ರ ಇರೋದೆಲ್ಲ ಅರ್ಧ ಪದ, ಉಳಿದರ್ಧ ನೀನು ಹೇಳ್ದೆ ಕೌದಿ ಹೆಂಗೆ ಮುಗಿಸ್ಲಿ. ನೀನು ಬಾಯೇ ಬಿಡಲ್ಲ, ಕೇಳೋಕೆ ನನಗೆ ಹೆದರಿಕೆ.

ಕೆಂಚವ್ವ ಕಲ್ಲಿನ ಮುಂದೆ ಹೋಗಿ ಕೂತ್ಲು. ತಂಗಿ ಎದುರಿಗೆ ಬಂದು, ಅವ್ವ ಕೂರ್ತಿದ್ದ ಜಾಗದಲ್ಲಿ ಕೂತು ಗೂಟ ಹಿಡಿದ್ಲು.

ಹೊಸ್ತಿಲ ಗುಬ್ಬಿಗೆ ಹಿಡಿಜೋಳ ಹಾಕೇನ

ಅಂತ ತಂಗಿ ಅಂದಿದ್ದೇ ತಡ, ಕೆಂಚವ್ವನ ಬಾಯಿಂದ ತಾನಾಗೇ ಬಂತಂತೆ.

ಹಾರಿ ಹೋದರೂ ಬರಲವ್ವ, ನಮ್ಮನೆಯ
ಹಾದಿಯ ಮರೆಯದೆ

ಹಾಡ್ತಾ ಹಾಡ್ತಾ ಅಳು ಬಂತಂತೆ. ಅವ್ವ ಸತ್ತಾಗಲೂ ಅತ್ತಿರಲಿಲ್ಲ ಅವಳು. ಆಮೇಲೆ ಕದ್ದ ಎರಡೂ ತುಂಡು ತೆಗೆದುಕೊಟ್ಟು, ತನ್ನ ಕೈಯಾರೆ ರೊಟ್ಟಿ ತಟ್ಟಿ, ಒಂದು ಚೂರು ಮುರಿದು ಮೂಲೇಲಿಟ್ಟು ಹೊಲಿದ್ಲಂತೆ. ಹೊಲಿಗೆ ಮುಗಿಯೋದ್ರೊಳಗೆ ದುರುಗವ್ವ ಬಂದು ಕೌದಿ ಎಳ್ಕೊಂಡು ಮಲಗೇಬಿಟ್ಲಂತೆ.

ಅವರ ಮನೆ ಕಲ್ಲು ದಿನಾ ಎರಡು ದನೀಲಿ ಹಾಡ್ತು, ನಮ್ಮ ಕತೆ ಇಲ್ಲಿಗೆ ಮುಗೀತು. ನಿನ್ನ ತಮ್ಮನಿಗೆ ಇನ್ನೂ ಕತೆ ಕೇಳಿ ನೆನಪಿಟ್ಕೊಳ್ಳೋ ವಯಸ್ಸಲ್ಲ, ನೋಡು, ಅರ್ಧಕ್ಕೇ ನಿದ್ದೆ ಹೋಗವನೆ. ನಾಳೆ ಉಳಿದರ್ಧ ನೀನೇ ಹೇಳಬೇಕು. ಈಗ ನಿನ್ನ ಕೌದಿ ಮೂಲೆ ಅವನ ಮೇಲೂ ಎಳಿ.