ಒರತೆಯ ಆಳ

"ಅಜ್ಜಾರೇ, ಒಂದು ಹಳ್ಳವನ್ನು ಉಳಿಸುವ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?" ಎಂದು ಕಲ್ಲಿನಾಥ ಕೇಳಿದ.

ಅವನು ಗುಡ್ಡದ ಮೇಲಿನ ಮಠದ ಶಿಷ್ಯ. ಮರುದಿನ ಹಳ್ಳದ ದಂಡೆಯ ಊರುಗಳವರೆಲ್ಲ ಆ ಮಠದಲ್ಲಿ ಸಭೆ ಸೇರುವವರಿದ್ದರು. ಗುಡ್ಡದಲ್ಲಿ ಎಷ್ಟು ಮೇಯಿಸಬೇಕು, ಎಷ್ಟು ಕಡಿಯಬೇಕು, ನೀರನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಹಿಂದಿನ ಸಭೆ ಬೈಗುಳದಲ್ಲಿ ಮುಗಿದಿತ್ತು. ಇದೂ ಮುರಿದರೆ ಊರನ್ನೇ ಬಿಡುತ್ತೇವೆ ಎಂದು ಕೆಳಗಿನ ಊರಿನವರು ಹೇಳಿ ಕಳಿಸಿದ್ದರು. ಸಭೆ ನಡೆಸುವ ಹೊಣೆ ಕಲ್ಲಿನಾಥನದು. ಅವನು ಅಂಗಳ ಸಾರಿಸಿ, ಚಾಪೆ ಹಾಸಿ, ಮಠದ ಹಿಂದಿನ ಚಿಲುಮೆಯಿಂದ ನೀರು ತಂದು ಗಡಿಗೆಗಳಿಗೆ ತುಂಬಿಟ್ಟಿದ್ದ.

ಮಠದ ಹಿರಿಯರಾದ ಕಾಡಸಿದ್ಧಜ್ಜ ಕಂಬಕ್ಕೆ ಬೆನ್ನು ಕೊಟ್ಟು ಕುಳಿತರು. "ಒಂದು ಕತೆಯಿದೆ. ನಾನು ಹುಟ್ಟುವ ಮೊದಲು ನಡೆದದ್ದು. ಆದರೂ ನನಗೆ ಚೆನ್ನಾಗಿ ನೆನಪಿದೆ" ಎಂದು ಹೇಳತೊಡಗಿದರು.

ಒಂದು ಹಳ್ಳವಿತ್ತು. ಅದು ಹುಟ್ಟುವ ಊರನ್ನು ತಲೆಯೂರು ಎಂದೂ ಕಟ್ಟಕಡೆಯ ಊರನ್ನು ಕಾಲೂರು ಎಂದೂ ಜನ ಕರೆಯುತ್ತಿದ್ದರು. ನಡುವೆ ಇನ್ನೂ ಕೆಲವು ಊರುಗಳಿದ್ದವು. ಆ ಕಾಲದ ಹಳ್ಳವೆಂದರೆ ಈಗಿನ ಹಳ್ಳವಲ್ಲ. ಮೀನುಗಳಿಗೆ ನೀರಿನಲ್ಲಿ ಜಾಗ ಸಾಲದೆ ಅರ್ಧದಷ್ಟು ಮೀನು ದಂಡೆಯ ಮೇಲೆ ಕುಳಿತು ಸರದಿ ಕಾಯುತ್ತಿದ್ದವು. ಆ ನೀರು ಕುಡಿದ ಎಮ್ಮೆ ನಡೆದಲ್ಲೆಲ್ಲ ಹಾಲಿನ ಗೆರೆ ಬೀಳುತ್ತಿತ್ತು. ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುವವರು ಬೆಕ್ಕಿನ ಹಿಂದೆ ಹೋದರೆ ಸಾಕಾಗಿತ್ತು.

"ಬೆಕ್ಕಿನ ಹಿಂದೆಯೇ, ಅಜ್ಜಾರೇ?"

"ನಾನು ಅಕ್ಷರ ಕಲಿತವನಲ್ಲ, ತಮ್ಮಾ. ಸುಳ್ಳನ್ನು ಬರೆದಿಡಲು ನನಗೆ ಬರುವುದಿಲ್ಲ, ಹೇಳಲು ಮಾತ್ರ ಬರುತ್ತದೆ. ಸುಮ್ಮನೆ ಕೇಳು."

ಅಂಥ ಹಳ್ಳವೂ ಬೇಸಿಗೆಯಲ್ಲಿ ಕಾಲೂರಿನ ಹತ್ತಿರ ಮರಳಾಗುತ್ತಿತ್ತು. ಆಗ ಎಲ್ಲ ಊರಿನವರೂ ನಡೆದು ಕಾಲೂರಿಗೆ ಬರುತ್ತಿದ್ದರು. ಬಂದವರು ಮೊದಲು ಮಾತಿಗೆ ಕೂರುವಂತಿರಲಿಲ್ಲ. ತಲೆಯೂರಿನ ಹಿರಿಯ ರೈತನೇ ಗುದ್ದಲಿ ಹಿಡಿದು ಮರಳಿನಲ್ಲಿ ಒರತೆ ತೋಡಬೇಕು. ನೀರು ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದನ್ನು ಅವನ ಮೈಯಿಂದಲೇ ಅಳೆಯುತ್ತಿದ್ದರು. ಮೊಣಕೈ ಆಳದಲ್ಲಿ ಸಿಕ್ಕರೆ ತಲೆಯೂರಿನ ಗುಡ್ಡಕ್ಕೆ ಕುರಿ ಬಿಡಬಹುದು, ಎರಡನೆಯ ಪೈರನ್ನೂ ಹಾಕಬಹುದು. ಸೊಂಟದ ಆಳಕ್ಕೆ ಹೋದರೆ ಎರಡನೆಯ ಪೈರಿಲ್ಲ. ತೋಡುವವನ ತಲೆಯೇ ಮರಳಿನೊಳಗೆ ಮರೆಯಾದರೆ ಗುಡ್ಡವನ್ನು ಮುಚ್ಚಬೇಕು. ಒಂದು ಕುರಿ ಹತ್ತುವಂತಿಲ್ಲ, ಒಂದು ಕೊಡಲಿ ಏಳುವಂತಿಲ್ಲ. ನೀರು ಹೇಳಿದ್ದೇ ಮಾತು.

ಆಮೇಲೆ ಎಲ್ಲರೂ ಆ ಒರತೆಯ ನೀರು ಕುಡಿದು ಬುತ್ತಿ ಬಿಚ್ಚುತ್ತಿದ್ದರು. ತಲೆಯೂರಿನವರು ಜೇನು ತಂದಿರುತ್ತಿದ್ದರು. ಕಾಲೂರಿನವರು ಮರಳಿನಲ್ಲಿ ಬೆಳೆದ ಕರಬೂಜ ಕೊಯ್ಯುತ್ತಿದ್ದರು. ಆ ಮರಳಿನ ಮೇಲೆಯೇ ಹೆಣ್ಣು ಗಂಡಿನ ಮಾತೂ ನಡೆಯುತ್ತಿತ್ತು. ತಲೆಯೂರಿನ ಹಿರಿಯ ರೈತ ತನ್ನ ಒಬ್ಬಳೇ ಮಗಳು ನೀಲವ್ವನನ್ನು ಕಾಲೂರಿಗೆ ಕೊಟ್ಟದ್ದು ಹಾಗೆಯೇ, ಕೈಯಲ್ಲಿ ಕರಬೂಜದ ಹೋಳು ಹಿಡಿದುಕೊಂಡು.

ಮಗಳ ಮದುವೆಯಾದ ಮರುವರ್ಷ ಆ ರೈತನ ಸೊಂಟ ಹಿಡಿದಿತ್ತು. ಒರತೆ ತೋಡಿ ಮೇಲೆದ್ದವನು ಬೆವರು ಒರೆಸಿಕೊಳ್ಳುತ್ತ ಹೇಳಿದ: "ಇದೆಂಥ ಪದ್ಧತಿ? ಪ್ರತಿವರ್ಷ ತಲೆ ಬಂದು ಕಾಲಿಗೆ ಬೀಳಬೇಕೇನು? ಹಳ್ಳ ಹುಟ್ಟುವುದು ನಮ್ಮಲ್ಲಿ. ಮುಂದಿನ ವರ್ಷ ನೀವು ಮೇಲೆ ಬನ್ನಿ."

ಕಾಲೂರಿನ ಮುದುಕಿಯೊಬ್ಬಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಕೆನ್ನೆಗೆ ಸರಿಸಿದಳು. "ಬರುತ್ತೇವೆ ಬಿಡು, ಬೀಗಾ. ಆದರೆ ಕಾಲಿಗೆ ಮುಳ್ಳು ಹೊಕ್ಕ ದಿನ ನಿನ್ನ ತಲೆ ತಾನಾಗಿಯೇ ಬಗ್ಗುತ್ತದೆ. ಅವತ್ತು ನಾವು ಕರೆಯುವುದಿಲ್ಲ" ಎಂದಳು. ಎಲ್ಲರೂ ನಕ್ಕರು. ನಕ್ಕು ಒಪ್ಪಿಕೊಂಡರು.

ಮುಂದಿನ ವರ್ಷ ಸಭೆ ತಲೆಯೂರಿನಲ್ಲಿ, ಚಿಲುಮೆಯ ಪಕ್ಕದಲ್ಲಿ ಕೂಡಿತು. ರೈತ ಗುದ್ದಲಿ ಎತ್ತುವ ಮೊದಲೇ ನೀರು ಅವನ ಪಾದದ ಮೇಲೆ ಹರಿಯಿತು. ಪದ್ಧತಿಯೆಂದರೆ ಪದ್ಧತಿ. ಮೊಣಕೈ ಆಳದ ನೀರಿಗೇ ಕುರಿ ಬಿಡುವುದಾದರೆ, ತೋಡದೆಯೇ ಸಿಕ್ಕ ನೀರಿಗೆ ಏನೇನು ಬಿಡಬಾರದು? ಗುಡ್ಡವನ್ನು ಪೂರ್ತಿ ತೆರೆದರು. ಕಾಲೂರಿನವರು ಬಿಸಿಲಿನಲ್ಲಿ ಏರು ಹತ್ತಿ ಬಂದವರು. ತಣ್ಣನೆಯ ನೀರನ್ನು ಹೊಟ್ಟೆ ತುಂಬ ಕುಡಿದರು. ಕುಡಿದ ಮೇಲೆ ಬಾಯಾರಿಕೆಯ ಮಾತೆತ್ತಲು ಅವರಿಗೂ ನೆನಪಾಗಲಿಲ್ಲ. ತಲೆಯಾಡಿಸಿ ಹೋದರು.

ಹೀಗೆಯೇ ಕೆಲವು ವರ್ಷ ನಡೆಯಿತು. ಪ್ರತಿಸಲವೂ ನೀರು ಪಾದಕ್ಕೆ ಬಂತು. ಪ್ರತಿಸಲವೂ ಗುಡ್ಡ ಇನ್ನಷ್ಟು ಬೋಳಾಯಿತು. ಕೊನೆಗೆ ಅದು ಎಷ್ಟು ಬೋಳಾಯಿತೆಂದರೆ, ಹೋತವೊಂದು ಹಸಿರು ಕಾಣದೆ ಕುರುಬನ ಗಡ್ಡ ಮೇಯ್ದಿತಂತೆ.

ಒಂದು ಬೇಸಿಗೆಯಲ್ಲಿ ಆ ರೈತ ಮಗಳನ್ನು ತವರಿಗೆ ಕರೆದುಕೊಂಡು ಹೋಗಲು ಕಾಲೂರಿಗೆ ಬಂದ. ಬೀಗಿತಿ ಚಾಪೆ ಹಾಸಿ, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ರೈತ ಬೆಲ್ಲ ಬಾಯಿಗೆ ಹಾಕಿಕೊಂಡು ನೀರಿಗೆ ಕಾದ. ನೀರು ಬರಲಿಲ್ಲ. ಕೇಳಲು ನಾಚಿಕೆಯಾಯಿತು. ಬಾಯಿ ಅಂಟಿಕೊಂಡಿತು. ಬೀಗಿತಿ ನೆಲ ನೋಡುತ್ತ, "ನೀಲವ್ವ ಹಳ್ಳಕ್ಕೆ ಹೋಗಿದ್ದಾಳೆ" ಎಂದಳು.

ರೈತ ಹಳ್ಳಕ್ಕೆ ಹೋದ. ಮರಳಿನ ಮೇಲೆ ಯಾರೂ ಇರಲಿಲ್ಲ. ಒಂದು ಗುಂಡಿಯಿತ್ತು, ಅದರ ಅಂಚಿನಲ್ಲಿ ಒಂದು ತಂಬಿಗೆಯಿತ್ತು. ಅವನು ಬಗ್ಗಿದ. ನೆಲದೊಳಗಿನಿಂದ ದನಿ ಬಂತು.

"ಯಾರದು? ನೆರಳು ಬೀಳುತ್ತಿದೆ, ಆಚೆ ಸರಿಯಿರಿ. ನೀರು ಕಾಣುವುದಿಲ್ಲ."

"ನಾನು, ನೀಲವ್ವಾ. ನಿನ್ನ ಅಪ್ಪ."

"ಬಂದೆಯಾ ಅಪ್ಪಾ? ಅತ್ತೆ ಬೆಲ್ಲ ಕೊಟ್ಟರೇ? ಸ್ವಲ್ಪ ತಾಳು, ಇನ್ನೊಂದು ಚಿಪ್ಪು ನೀರು ಊರಿದರೆ ನಿನಗೆ ಒಂದು ತಂಬಿಗೆ ತುಂಬುತ್ತದೆ."

ಕೆಳಗಿನಿಂದ ಒಂದು ಕೈ ಮೇಲೆ ಬಂತು. ಕೈಯಲ್ಲಿ ತೆಂಗಿನ ಚಿಪ್ಪು, ಚಿಪ್ಪಿನಲ್ಲಿ ಕೆಂಪು ನೀರು. ಮಗಳ ತಲೆ ಕಾಣಿಸಲಿಲ್ಲ.

ತವರಿಗೆ ಬಾ ಎಂದು ರೈತ ಕರೆದ. ಅವಳು ಬರಲಿಲ್ಲ. "ನಾನು ಬಂದರೆ ಅತ್ತೆ ಈ ಗುಂಡಿಗೆ ಇಳಿಯಬೇಕಾಗುತ್ತದೆ. ಅವರ ಮೊಣಕಾಲು ಮಡಚುವುದಿಲ್ಲ. ಒರತೆ ಮೇಲೆ ಬರಲಿ ಅಪ್ಪಾ, ನಾನೂ ಬರುತ್ತೇನೆ."

ರೈತ ಆ ತಂಬಿಗೆಯ ನೀರನ್ನು ಕುಡಿಯಲಿಲ್ಲ. ಮಗಳ ಮನೆಯ ಅಡುಗೆಮನೆಯಲ್ಲಿ ಇಟ್ಟು ಹೊರಟ. ದಾರಿಯಲ್ಲಿ ಸಿಕ್ಕ ಊರಿಗೆಲ್ಲ ಒಂದೇ ಮಾತು ಹೇಳಿ ಹೋದ: ಈ ಸಲ ಸಭೆ ಕಾಲೂರಿನಲ್ಲಿ.

ಎಲ್ಲರೂ ಬಂದರು. ರೈತ ಹಿಡಿದ ಸೊಂಟದಲ್ಲಿಯೇ ಗುದ್ದಲಿ ಎತ್ತಿದ. ಮೊಣಕೈ ದಾಟಿತು, ಸೊಂಟ ದಾಟಿತು, ಕತ್ತು ದಾಟಿತು. ಅವನ ರುಮಾಲೂ ಮರೆಯಾಯಿತು. ಎಲೆಯಡಿಕೆಯ ಮುದುಕಿ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. ಗುಂಡಿಯೊಳಗಿಂದ ಅವನೇ ಕೂಗಿ ಹೇಳಿದ: "ಗುಡ್ಡ ಮುಚ್ಚಿ. ಮೊದಲು ನನ್ನ ಕುರಿ ಇಳಿಸಿ."

ಗುಡ್ಡ ಮುಚ್ಚಿತು. ಊರೂರಿನವರು ಹೋಗಿ ಇಳಿಜಾರಿಗೆ ಕಲ್ಲಿನ ಒಡ್ಡು ಹಾಕಿದರು. ಹುಲ್ಲು ಬಂತು, ಗಿಡ ಬಂತು. ಒರತೆ ಒಮ್ಮೆಲೇ ಮೇಲೆ ಬರಲಿಲ್ಲ. ಕತ್ತಿನ ಆಳಕ್ಕೆ ಬಂದ ವರ್ಷ ರೈತನಿಗೆ ಮೊಮ್ಮಗಳು ಹುಟ್ಟಿದಳು. ಸೊಂಟಕ್ಕೆ ಬಂದ ವರ್ಷ ಅವಳು ಅಕ್ಷರ ಕಲಿತಳು. ಮೊಣಕೈಗೆ ಬಂದ ವರ್ಷ ನೀಲವ್ವ ತಲೆಯ ಮೇಲೆ ಒಂದು ಕರಬೂಜ ಹೊತ್ತು, ಮಗಳ ಕೈ ಹಿಡಿದು ತವರಿಗೆ ಬಂದಳು. ಆ ಕರಬೂಜವನ್ನು ಹೋಳು ಮಾಡಿದಾಗ ವಾಸನೆಗೆ ಮೂರು ಊರಿನ ಜೇನು ಎದ್ದು ಬಂದವಂತೆ.

ಕತೆಯನ್ನು ಅಲ್ಲಿಗೆ ಮುಗಿಸಿದ ಅಜ್ಜ, "ಈಗ ಒರತೆ ತೋಡುವವರಿಲ್ಲ. ಆ ಮರಳೂ ಇಲ್ಲ, ಆ ಕರಬೂಜವೂ ಇಲ್ಲ. ವಾಸನೆ ಮಾತ್ರ ನನ್ನ ಮೂಗಿನಲ್ಲಿ ಉಳಿದಿದೆ" ಎಂದರು.

"ತಿಳಿಯಿತು, ಅಜ್ಜಾರೇ" ಎಂದ ಕಲ್ಲಿನಾಥ. "ಯೋಜನೆಯನ್ನು ಕೆಳಗಿನ ಊರಿನಿಂದ ಆರಂಭಿಸಬೇಕು. ನಾಳೆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ನಾನು ಇದನ್ನೇ ಹೇಳುತ್ತೇನೆ."

"ಅದಿರಲಿ ತಮ್ಮಾ, ನಾಳೆ ಬಂದವರಿಗೆ ಕುಡಿಯಲು ಎಲ್ಲಿಯ ನೀರು ತುಂಬಿಟ್ಟಿದ್ದೀಯ?" ಎಂದರು ಅಜ್ಜ.

ಕಲ್ಲಿನಾಥ ಗಡಿಗೆಗಳ ಕಡೆ ನೋಡಿದ. ಒಂದೊಂದಾಗಿ ಎತ್ತಿ ನೀರನ್ನು ಚಿಲುಮೆಗೇ ಸುರಿದು, ಬರಿಗಡಿಗೆ ಹೊತ್ತು ಕೆಳಗಿನ ಊರಿನ ದಾರಿ ಹಿಡಿದ.