ನೀರಗಂಟಿ ಎತ್ತಿದ ಹಲಗೆ

“ಗುರುಗಳೇ, ಎರಡು ರಾಜ್ಯಗಳು ಕಾದಾಡುವಾಗ ಗಡಿಯಲ್ಲಿರುವವನು ಎದುರು ದಡದವರಿಗಾಗಿ ಮರುಗಬಹುದೆ? ಅದು ತನ್ನವರಿಗೆ ಬಗೆದ ದ್ರೋಹವಾಗುವುದಿಲ್ಲವೆ?” ಎಂದು ಶಿಷ್ಯ ಕೇಳಿದ.

ಗುರುಗಳು ಓದುತ್ತಿದ್ದ ಓಲೆಗಳನ್ನು ಕಟ್ಟಿಟ್ಟು ಹೇಳತೊಡಗಿದರು.

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ಪಟ್ಟಣಗಳಿದ್ದವು. ಪಡುವಣ ದಡ ಒಬ್ಬ ಅರಸನದು, ಮೂಡಣ ದಡ ಇನ್ನೊಬ್ಬನದು. ನೀರು ತನ್ನದೇ ಎಂದು ಇಬ್ಬರೂ ಹೇಳುತ್ತಿದ್ದರು. ಜನ ಮಾತ್ರ ಈ ದಡದಿಂದ ಆ ದಡಕ್ಕೆ ಹೆಣ್ಣು ಕೊಟ್ಟು ತಂದು ಮಾಡುತ್ತಿದ್ದರು.

ಹೊಳೆಯ ಮೇಲ್ಗಡೆ, ಪಟ್ಟಣಗಳಿಗೆ ಕಾಣುವಷ್ಟು ದೂರದಲ್ಲಿ, ಪಡುವಣ ಅರಸನ ಕಟ್ಟೆಯಿತ್ತು. ಅದರ ತೂಬುಗಳ ಹಲಗೆಗಳನ್ನು ಎತ್ತಿ ಇಳಿಸುವ ನೀರಗಂಟಿಯ ಹೆಸರು ಓಬಯ್ಯ. ಅವನ ಒಬ್ಬನೇ ಮಗ ಪಡುವಣ ದಂಡಿನಲ್ಲಿ ಕಾಲಾಳಾಗಿದ್ದ.

ಒಂದು ಬೇಸಗೆಯಲ್ಲಿ ಯುದ್ಧ ಬಂತು. ಎರಡೂ ದಡಗಳಲ್ಲಿ ದಂಡುಗಳು ಬೀಡುಬಿಟ್ಟವು. ಕುದುರೆಗಳೂ ಆನೆಗಳೂ ಪಟ್ಟಣದ ಬಾವಿಗಳನ್ನು ಬರಿದು ಮಾಡಿದವು. ಆಗ ಪಡುವಣ ದಳವಾಯಿ ಕಟ್ಟೆಗೆ ಬಂದು, “ತೂಬುಗಳನ್ನೆಲ್ಲ ಮುಚ್ಚು. ಹೊಳೆ ಬತ್ತಿತೆಂದು ಶತ್ರು ದಾಟಲು ಇಳಿಯುತ್ತಾನೆ. ನಾನು ಕೊಂಬು ಊದಿಸಿದ ಕೂಡಲೇ ಎಲ್ಲವನ್ನೂ ಎತ್ತಿಬಿಡು” ಎಂದ.

“ಒಡೆಯಾ, ಹೊಳೆ ಬತ್ತಿದರೆ ಮೊದಲು ಇಳಿಯುವವರು ಹೆಂಗಸರು. ಮರಳಿನಲ್ಲಿ ಒರತೆ ತೋಡುತ್ತಾರೆ. ಎರಡೂ ದಡದವರು ಬರುತ್ತಾರೆ” ಎಂದ ಓಬಯ್ಯ.

“ನಮ್ಮವರನ್ನು ತಡೆದರೆ ಶತ್ರುವಿಗೆ ಸುಳಿವು ಸಿಗುತ್ತದೆ. ನಿನ್ನ ಮಗ ಮೊದಲ ಸಾಲಿನಲ್ಲಿದ್ದಾನೆ, ಗೊತ್ತೆ? ಶತ್ರು ಹೊಳೆಯಲ್ಲೇ ಮುಳುಗಿದರೆ ಅವನು ಕತ್ತಿ ಹಿರಿಯದೆ ಮನೆಗೆ ಬರುತ್ತಾನೆ.”

ಓಬಯ್ಯ ತೂಬುಗಳನ್ನು ಮುಚ್ಚಿದ. ದಳವಾಯಿ ಅವನ ಬಳಿ ಇಬ್ಬರು ಕಾವಲಿನವರನ್ನು ನಿಲ್ಲಿಸಿ ಹೋದ.

ಮೂರು ದಿನಗಳಲ್ಲಿ ಹೊಳೆ ಬತ್ತಿತು. ಕಟ್ಟೆಯ ಹಿಂದೆ ನೀರು ಏರಿತು. ಹೆಂಗಸರು ಕೊಡ ಹಿಡಿದು ಹೊಳೆಗಿಳಿದರು. ಮಕ್ಕಳೂ ಜೊತೆಗೆ ಬಂದರು. ಒಂದೇ ಒರತೆಯ ಸುತ್ತ ಎರಡೂ ದಡದವರು ಕುಳಿತು ಸರದಿ ಕಾದರು.

ಐದನೆಯ ದಿನ ಹೊತ್ತು ಮೂಡುವಾಗ ಮೂಡಣ ದಂಡು ದಡದ ಮೇಲೆ ಸಾಲುಗಟ್ಟಿತು. ಮೊದಲ ಕುದುರೆಗಳು ಮರಳಿಗಿಳಿದವು. ಹೆಂಗಸರು ಹೆದರಿದರೂ ಕೊಡ ತುಂಬುವವರೆಗೆ ಏಳಲಿಲ್ಲ. ಕಟ್ಟೆಯ ಮೇಲೆ ನಿಂತ ಓಬಯ್ಯನಿಗೆ ಎಲ್ಲವೂ ಕಾಣುತ್ತಿತ್ತು. ಪಡುವಣ ದಡದ ಇಳಿಜಾರಿನಲ್ಲಿ ಮಗನ ಸಾಲೂ ಕಾಣುತ್ತಿತ್ತು. ಕೊಂಬು ಇನ್ನೂ ಕೂಗಿರಲಿಲ್ಲ.

ಅವನು ನಡುವಣ ತೂಬಿನ ಸನ್ನೆಗೋಲಿಗೆ ಕೈ ಹಾಕಿದ. ಕಾವಲಿನವನು ಈಟಿ ಅಡ್ಡ ಹಿಡಿದ.

“ಹಲಗೆ ನೆನೆದು ಉಬ್ಬಿದೆ. ಈಗ ಸ್ವಲ್ಪ ಸಡಿಲಿಸದಿದ್ದರೆ ಹೊತ್ತಿಗೆ ಸರಿಯಾಗಿ ಏಳುವುದಿಲ್ಲ” ಎಂದ ಓಬಯ್ಯ. ಈಟಿ ಸರಿಯಿತು. ಅವನು ಹಲಗೆಯನ್ನು ಒಂದು ಗೇಣು ಎತ್ತಿದ.

ಮರಳಿನ ಮೇಲೆ ಕೆಸರು ಬೆರೆತ ಕೆಂಪು ನೀರು ಹರಿದು ಬಂತು. ಪಾದ ಮುಳುಗುವಷ್ಟೇ ಇತ್ತು. ಒಬ್ಬಳು ಅದನ್ನು ಕಂಡು, “ಕಟ್ಟೆಯ ನೀರು ಬಿಟ್ಟರು!” ಎಂದು ಚೀರಿದಳು. ಹೆಂಗಸರು ಕೊಡ ಬಿಸುಟು ಮಕ್ಕಳನ್ನು ಎಳೆದುಕೊಂಡು ಅವರವರ ದಡಕ್ಕೆ ಓಡಿದರು. ಮೂಡಣ ಸರದಾರ ನೀರನ್ನು ನೋಡಿದ, ಕಟ್ಟೆಯನ್ನು ನೋಡಿದ, ಕುದುರೆ ತಿರುಗಿಸಿದ. ಕೊಂಬು ಕೂಗಿ ತೂಬುಗಳೆಲ್ಲ ತೆರೆದಾಗ ಹೊಳೆಯಲ್ಲಿ ಯಾರೂ ಇರಲಿಲ್ಲ.

ದಳವಾಯಿ ಓಬಯ್ಯನನ್ನು ಕೊಲ್ಲಿಸಬೇಕೆಂದಿದ್ದ. ಆದರೆ ಆ ತೂಬುಗಳ ಮರ್ಮ ಬಲ್ಲವರು ಬೇರೆ ಯಾರೂ ಇರಲಿಲ್ಲ. ಕಾಲಿಗೆ ಕೋಳ ತೊಡಿಸಿ ಅವನನ್ನು ಕಟ್ಟೆಯ ಮೇಲೆಯೇ ಇರಿಸಿದ.

ಒಂದು ದಿನದಲ್ಲಿ ಮುಗಿಯಬೇಕಿದ್ದ ಯುದ್ಧ ಎರಡು ತಿಂಗಳು ನಡೆಯಿತು. ಮೂಡಣದವರು ಬೇರೆ ಕಡೆಯಿಂದ ಹೊಳೆ ದಾಟಿ ಬಂದರು. ಆ ಕಾಳಗದಲ್ಲಿ ಓಬಯ್ಯನ ಮಗ ಸತ್ತ. ಇನ್ನೂ ನೂರಾರು ಮಂದಿ ಸತ್ತರು. ಅವರ ತಾಯಂದಿರು ಕಟ್ಟೆಗೆ ಬಂದು ಓಬಯ್ಯನ ಮುಖಕ್ಕೆ ಮಣ್ಣು ತೂರಿದರು. ಅಂದು ಹೊಳೆಯಿಂದ ಓಡಿ ಉಳಿದವಳೊಬ್ಬಳೂ ಅವರಲ್ಲಿದ್ದಳು. ಅವಳ ಗಂಡನೂ ಸತ್ತಿದ್ದ. ಅವಳು ಕಂಕುಳಲ್ಲಿದ್ದ ಕೂಸನ್ನು ಕೆಳಗಿಳಿಸಿ, ಎರಡೂ ಕೈಯಲ್ಲಿ ಮಣ್ಣು ತೆಗೆದು ತೂರಿದಳು. ಓಬಯ್ಯ ಮುಖ ತಿರುಗಿಸಲಿಲ್ಲ.

ಮಳೆಗಾಲಕ್ಕೆ ಅರಸರು ಸಂಧಿ ಮಾಡಿಕೊಂಡರು. ಓಬಯ್ಯನ ಕೋಳ ಬಿಚ್ಚಿದರು. ಅವನು ಸಾಯುವವರೆಗೂ ಅದೇ ತೂಬುಗಳನ್ನು ಎತ್ತಿ ಇಳಿಸಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಸುಮ್ಮನೆ ಇದ್ದಿದ್ದರೆ ಅವನ ಮಗ ಉಳಿಯುತ್ತಿದ್ದ. ಯುದ್ಧವೂ ಅಂದೇ ಮುಗಿಯುತ್ತಿತ್ತು. ಅವನು ಪಶ್ಚಾತ್ತಾಪಪಡಲಿಲ್ಲವೆ, ಗುರುಗಳೇ?”

ಗುರುಗಳು ಹೇಳಿದರು: “ಮಗನಿಗಾಗಿ ಅವನು ದಿನವೂ ಅತ್ತ, ಹಲಗೆ ಎತ್ತಿದ್ದಕ್ಕಾಗಿ ಒಂದು ದಿನವೂ ಅಳಲಿಲ್ಲ.”