ಹತ್ತು ಸಾವಿರ ಎಣಿಸಿದ ಕೋಡ್

ಕಥೆ ಹೇಳಿ ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ಒಂದು ಹಳೆಯ ಕಂಪ್ಯೂಟರನ್ನು ನಡೆಸುವ ಕೋಡ್ ಇತ್ತು. ಅದು ದಿನವೂ ಕಂಪ್ಯೂಟರ್ ಶುರುವಾದೊಡನೆ ಹತ್ತು ಸಾವಿರದವರೆಗೆ ಎಣಿಸಿ, ಆಮೇಲೆ ಮಾಹಿತಿ ಇಡುವ ಡಿಸ್ಕನ್ನು ಕರೆಯುತ್ತಿತ್ತು. ಅಷ್ಟರಲ್ಲಿ ಡಿಸ್ಕ್ ಎದ್ದು ತಿರುಗುತ್ತಿರುತ್ತಿತ್ತು. ಅದೇ ಕೋಡನ್ನು ಹೊಸ ಕಂಪ್ಯೂಟರಿಗೆ ತಂದರು. ಹೊಸದು ಬಹಳ ವೇಗದ್ದು, ಅಂದರೆ ಅದರಲ್ಲಿ ಎಣಿಕೆಯೂ ಬೇಗ ಮುಗಿಯುತ್ತದೆ. ಕೋಡ್ ಎಣಿಸಿ ಕರೆಯಿತು, ಡಿಸ್ಕ್ ಇನ್ನೂ ಎದ್ದಿರಲಿಲ್ಲ, ಉತ್ತರ ಬರಲಿಲ್ಲ. "ಡಿಸ್ಕ್ ಸತ್ತಿದೆ, ತೆಗೆದುಹಾಕಿ" ಎಂದು ಪರದೆಯ ಮೇಲೆ ಬರೆಯಿತು.

ಆಗ ಡಿಸ್ಕ್ ಎದ್ದಿತು. "ಸತ್ತ ನಾನೇ ಮಾತಾಡುತ್ತಿದ್ದೇನೆ, ಸ್ವಾಮಿ. ಯಾರನ್ನು ಕೇಳಿ ಹಾಗೆ ಬರೆದಿರಿ?"

"ಹತ್ತು ಸಾವಿರ ಎಣಿಸಿದೆ. ಅಲ್ಲಿ ಯಾವತ್ತೂ ಸಾಕಾಗುತ್ತಿತ್ತು."

"ಅಲ್ಲಿಯ ನಿಧಾನಕ್ಕೆ ಸಾಕಾಗುತ್ತಿತ್ತು. 'ಎದ್ದೆಯಾ' ಎಂದು ನನ್ನನ್ನೇ ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?"

"ಆ ಹಳೆಯದೂ ಸೇರಿ ನಾಲ್ಕು ಕಂಪ್ಯೂಟರು ನೋಡಿ ಬಂದವನು ನಾನು. ಎಲ್ಲೂ ಯಾರನ್ನೂ ಕೇಳಿಲ್ಲ."

"ಆ ನಾಲ್ಕರಲ್ಲಿ ಬದುಕಿದ್ದ ಎಷ್ಟು ಡಿಸ್ಕುಗಳನ್ನು ಕೀಳಿಸಿದಿರಿ?"

ಕೋಡ್ ಉತ್ತರಿಸುವ ಮೊದಲೇ, ಪರದೆ ಓದಿದ ರಿಪೇರಿಯವರು ತಿರುಗುತ್ತಿದ್ದ ಡಿಸ್ಕನ್ನು ಬಿಚ್ಚಿ ಗುಜರಿಗೆ ಹಾಕಿದರು.

ಇದನ್ನು ಬಿಡಿಸಿ ಹೇಳಬೇಕು. ಒಂದು ಯಂತ್ರದ ಅಭ್ಯಾಸವನ್ನೇ ಎಲ್ಲ ಯಂತ್ರಗಳ ನಿಯಮವೆಂದು ಬರೆಯುವವರಿದ್ದಾರಲ್ಲ, ತಪ್ಪು ಅವರದೇ ಆದರೂ ಶಿಕ್ಷೆ ಮಾತ್ರ... ತಾಳಿ, ಒಳಗಿಂದ ಕರೆಯುತ್ತಿದ್ದಾರೆ. ಬಂದೆ, ಭಾಗೀರಥಕ್ಕ, ಬಂದೆ.